ಹಗ್ಗ ಬಿಗಿಯಾದ್ರೆ ಗೊತ್ತಾಗ್ತದೆ: ಡಬಲ್ಸ್ ಕೋಚ್ ಜೊತೆ ಮಲೆನಾಡಿನಲ್ಲಿ ನಾಲ್ಕು ದಿನ

ಮೊದಲ ದಿನ: ಶಿವಮೊಗ್ಗ

ತಾಳಗುಪ್ಪ ರೈಲಿನಿಂದ ಶಿವಮೊಗ್ಗದಲ್ಲಿ ಇಳಿದಾಗ ಇನ್ನೂ ಕತ್ತಲು. ನವೆಂಬರ್ ಕೊನೆಯ ವಾರ. ಮಳೆ ಮುಗಿದಿತ್ತು, ಚಳಿ ಇನ್ನೂ ಕೂತಿರಲಿಲ್ಲ, ಇಬ್ಬನಿ ಮಾತ್ರ ಧಾರಾಳ. ಹದಿಮೂರರಿಂದ ಹದಿನಾರು ವಯಸ್ಸಿನ ಆರು ಮಕ್ಕಳು, ಇಬ್ಬರು ಪೋಷಕರು, ಎರಡು ಚೀಲ ಚೆಂಡು, ಒಬ್ಬ ಕೋಚ್. ಕೋಚ್ ವರ್ಷಗಟ್ಟಲೆ ದೇಶ ದೇಶ ಸುತ್ತಿ ಟೆನಿಸ್ ಡಬಲ್ಸ್ ಮಾತ್ರ ಆಡಿದವರು. ಮೊಣಕಾಲು ಸಾಕು ಎಂದ ಮೇಲೆ ಕಲಿಸಲು ನಿಂತವರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಇಲ್ಲಿ ಬರೀ ಕೋಚ್.

ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಬಿಸಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಏಳು ಗಂಟೆಗೆ ಊರಿನ ಒಂದು ಮಣ್ಣಿನ ಕೋರ್ಟು. ಚೆಂಡು ತೆಗೆಯುವ ಮೊದಲು ಕೋಚ್ ನೆಟ್ ಅಳೆದರು. ಅಳತೆ ಟೇಪ್ ಬೇಕಿಲ್ಲ. ಒಂದು ರಾಕೆಟ್ ನೆಟ್ಟಗೆ ನಿಲ್ಲಿಸಿ, ಅದರ ತುದಿಯ ಮೇಲೆ ಇನ್ನೊಂದರ ತಲೆಯನ್ನು ಅಡ್ಡ ಇಟ್ಟರೆ ಹೆಚ್ಚುಕಡಿಮೆ 36 ಇಂಚು. ರಾಕೆಟ್ಟಿನ ಉದ್ದ 27, ತಲೆಯ ಅಗಲ ಒಂಬತ್ತು ಚಿಲ್ಲರೆ. ನೆಟ್ ಕಂಬದ ಹತ್ತಿರ ಮೂರೂವರೆ ಅಡಿ, ನಡುವೆ ಮೂರು ಅಡಿ ಇರಬೇಕು. ಆ ಕೋರ್ಟಿನಲ್ಲಿ ನೆಟ್ಟನ್ನು ನಡುವೆ ಕೆಳಕ್ಕೆ ಎಳೆದು ಹಿಡಿಯುವ ಪಟ್ಟಿಯೇ ಇರಲಿಲ್ಲ. ತಂತಿ ಬಿಗಿದು ನೆಟ್ಟನ್ನು ಎಳೆದು ನಿಲ್ಲಿಸಿದ್ದರು, ಹಾಗಾಗಿ ನಡುವೆ ಎರಡು ಇಂಚು ಹೆಚ್ಚು ಎತ್ತರ. ಸಿಂಗಲ್ಸ್ ಆಡುವವರಿಗೆ ಇದು ಅಷ್ಟಾಗಿ ತಿಳಿಯದು. ಡಬಲ್ಸಿನಲ್ಲಿ ಮುಕ್ಕಾಲು ಪಾಲು ಚೆಂಡು ನಡುವಿನಿಂದಲೇ ಹೋಗಬೇಕು, ನೆಟ್ ತಗ್ಗಿರುವುದೂ ಅಲ್ಲೇ. ಆ ಎರಡು ಇಂಚು ಹೆಚ್ಚಾದರೆ ಮಕ್ಕಳು ತಮಗೇ ಗೊತ್ತಿಲ್ಲದೆ ಚೆಂಡು ಎತ್ತಿ ಹೊಡೆಯುವುದು ಕಲಿಯುತ್ತಾರೆ, ಮುಂದೆ ನಿಂತ ಎದುರಾಳಿಗೆ ಅದು ಹಬ್ಬ. ಕೋಚ್ ಬ್ಯಾಗಿನಿಂದ ಎರಡು ಇಂಚು ಅಗಲದ ಬೆಲ್ಟು ತೆಗೆದು, ನೆಲಕ್ಕೊಂದು ಗೂಟ ಹೊಡೆದು, ನೆಟ್ಟನ್ನು ಎಳೆದು ಕಟ್ಟಿದರು. ಹೊರ ಊರಿನ ಕೋರ್ಟಿಗೆ ಹೋಗುವವರು ಇಂಥದ್ದೊಂದು ಬೆಲ್ಟು ಇಟ್ಟುಕೊಂಡಿರುವುದು ಒಳ್ಳೆಯದು.

ಕೋರ್ಟಿನ ಎರಡೂ ಅಂಚಿಗೆ ನಾಲ್ಕೂವರೆ ಅಡಿಯ ಪಟ್ಟಿ ಸೇರಿದಾಗ ಸಿಂಗಲ್ಸಿನ 27 ಅಡಿ ಅಗಲ ಡಬಲ್ಸಿಗೆ 36 ಆಗುತ್ತದೆ. ನಮ್ಮ ಮಕ್ಕಳಿಗೆಲ್ಲ ಆ ಪಟ್ಟಿ ಕಾಯುವ ಹುಚ್ಚು. ಮುಂದೆ ನಿಂತವಳು ಪಟ್ಟಿಗೆ ಅಂಟಿಕೊಂಡರೆ ನಡುವೆ ಲಾರಿ ಹೋಗುವಷ್ಟು ಜಾಗ. ಮೊದಲ ದಿನ ಕೋಚ್ ಇದೊಂದನ್ನೇ ತಿದ್ದಿದರು. ಪಕ್ಕದಿಂದ ಎರಡು ಸಲ ಹೊಡೆಸಿಕೊಂಡರೂ ಪರವಾಗಿಲ್ಲ, ನಡುವಿನಿಂದ ಹತ್ತು ಸಲ ಹೋಗಲು ಬಿಡಬಾರದು.

ಹತ್ತು ಗಂಟೆಗೆ ತೀರ್ಥಹಳ್ಳಿ ದಾರಿ ಹಿಡಿದೆವು. ಗಾಜನೂರಿನ ಹಿನ್ನೀರು, ಸಕ್ರೆಬೈಲಿನಲ್ಲಿ ಮಗ್ಗುಲಾಗಿ ಮಲಗಿ ಬೆನ್ನು ಉಜ್ಜಿಸಿಕೊಳ್ಳುವ ಆನೆಗಳು. ಬೆಳಿಗ್ಗೆಯೇ ಹೋದರೆ ಮಾತ್ರ ಆನೆಯ ಸ್ನಾನ ಸಿಗುತ್ತದೆ, ನಾವು ಕೊನೆಯ ಆನೆಗೆ ತಲುಪಿದೆವು. ಮಂಡಗದ್ದೆಯಲ್ಲಿ ಹಕ್ಕಿಗಳು ಬಹುಪಾಲು ಹೊರಟುಹೋಗಿದ್ದವು, ಮರದ ತುಂಬ ಖಾಲಿ ಗೂಡು.

ವ್ಯಾನಿನಲ್ಲಿ ಮಕ್ಕಳು ರೋಹನ್ ಬೋಪಣ್ಣನ ಮಾತೆತ್ತಿದರು. 2024ರ ಆಸ್ಟ್ರೇಲಿಯನ್ ಓಪನ್, ಮ್ಯಾಥ್ಯೂ ಎಬ್ಡೆನ್ ಜೊತೆ, ಫೈನಲ್ 7-6, 7-5, ವಯಸ್ಸು 43, ಅದರ ಬೆನ್ನಿಗೇ ಮೊದಲ ಶ್ರೇಯಾಂಕ. ಎಲ್ಲವೂ ಬಾಯಿಪಾಠ. ಕೋಚ್ ಒಂದೇ ಅಂಕಿ ಸೇರಿಸಿದರು. ಬೋಪಣ್ಣ ವೃತ್ತಿಪರರಾದದ್ದು 2003ರಲ್ಲಿ. ಪಾಕಿಸ್ತಾನದ ಕುರೇಷಿ ಜೊತೆ ಯುಎಸ್ ಓಪನ್ ಫೈನಲ್ ಸೋತದ್ದು 2010ರಲ್ಲಿ, ಪ್ಯಾರಿಸ್ಸಿನಲ್ಲಿ ಮಿಶ್ರ ಡಬಲ್ಸ್ ಗೆದ್ದದ್ದು 2017ರಲ್ಲಿ. ಕೊಡಗಿನ ಕಾಫಿ ತೋಟದಿಂದ ಹೊರಟವನು ಆ ಶ್ರೇಯಾಂಕಕ್ಕೆ ಮುಟ್ಟಲು ಎರಡು ದಶಕ. ಅಷ್ಟು ವರ್ಷ ಊಟ ತಿಂಡಿ ವಿಮಾನದ ಖರ್ಚು ಹುಟ್ಟಿಸಿಕೊಂಡು ನಿಲ್ಲುವುದೇ ದೊಡ್ಡ ಕೆಲಸ.

ಆಮೇಲೆ ಬಂದದ್ದು ಯಾರೂ ಟಿವಿಯಲ್ಲಿ ತೋರಿಸದ ಲೆಕ್ಕ. ಡಬಲ್ಸ್ ಶ್ರೇಯಾಂಕ ಜೋಡಿಗಲ್ಲ, ಒಬ್ಬೊಬ್ಬರಿಗೆ. ಟೂರ್ನಿಗೆ ಹೆಸರು ಕೊಡುವಾಗ ಇಬ್ಬರ ಅಂಕಿ ಕೂಡುತ್ತಾರೆ. 140 ಮತ್ತು 210 ಸೇರಿದರೆ 350. ಕಡಿಮೆ ಮೊತ್ತದವರಿಗೆ ಮೊದಲ ಜಾಗ, ಎರಡನೇ ಹಂತದ ಟೂರ್ನಿಯಾದ ಚಾಲೆಂಜರಿನಲ್ಲಿ ಸಾಮಾನ್ಯವಾಗಿ 16 ಜೋಡಿ ಮಾತ್ರ. ಹೊಟ್ಟೆ ಉರಿಯುವ ವಿಷಯವೆಂದರೆ ಸಿಂಗಲ್ಸ್ ಆಟಗಾರರು ತಮ್ಮ ಸಿಂಗಲ್ಸ್ ಶ್ರೇಯಾಂಕ ತೋರಿಸಿಯೂ ಡಬಲ್ಸಿಗೆ ನುಗ್ಗಬಹುದು. ಡಬಲ್ಸೇ ಹೊಟ್ಟೆಪಾಡಾದವನು ಹೊರಗೆ. ಅದಕ್ಕೇ ಜೊತೆಗಾರ ಮುಖ್ಯ. ಅವನ ಆಟಕ್ಕಿಂತ ಅವನ ಅಂಕಿ, ಅವನ ವೀಸಾ, ಮುಂದಿನ ಮೂರು ವಾರ ಅವನು ಎಲ್ಲಿರುತ್ತಾನೆ ಎಂಬುದು. ಇವತ್ತಿನ ಅಂಕ 52 ವಾರ ಕಳೆದರೆ ಉದುರುತ್ತದೆ, ಹೋದ ವರ್ಷ ಗೆದ್ದ ಊರಿಗೆ ಈ ವರ್ಷ ಹೋಗದಿದ್ದರೆ ಕೆಳಗಿಳಿದ ಹಾಗೆ. ಕೆಳ ಹಂತದ ಟೂರ್ನಿಯಲ್ಲಿ ಒಟ್ಟು ಬಹುಮಾನವೇ 15,000 ಡಾಲರ್. ಸಿಂಗಲ್ಸ್, ಡಬಲ್ಸ್ ಎಲ್ಲ ಅದರಲ್ಲೇ. ಡಬಲ್ಸಿನ ಪಾಲು ಸಣ್ಣದು, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಒಂದು ರೂಮಿನಲ್ಲಿ ನಾಲ್ಕು ಜನ, ಎರಡು ಜೋಡಿಗೆ ಒಬ್ಬ ಕೋಚ್. ಹಾಗೆ ಇದ್ದಾಗಲೇ ಬೇರೆಯವರ ಆಟ ನೋಡಿ ಹೇಳುವುದು ಅಭ್ಯಾಸವಾಯಿತು ಎಂದರು. ದುಡ್ಡಿಲ್ಲದವರು ಒಬ್ಬರಿಗೊಬ್ಬರು ಕೋಚ್.

ಎರಡನೇ ದಿನ: ತೀರ್ಥಹಳ್ಳಿ, ಆಗುಂಬೆ

ಬೆಳಿಗ್ಗೆ ಕಡುಬು, ಚಟ್ನಿ, ತುಪ್ಪ. ತುಂಗೆಯ ಕಮಾನು ಸೇತುವೆ ಮಂಜಿನಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು.

ಸಿಕ್ಕಿದ್ದು ಸಿಮೆಂಟಿನ ಕೋರ್ಟು. ನೋಡಲು ಒಣಗಿದೆ, ಆದರೆ ಮರದ ನೆರಳು ಬೀಳುವ ಮೂಲೆಯಲ್ಲಿ ಪಾಚಿ. ಮೊದಲ ಐದು ನಿಮಿಷದಲ್ಲೇ ಒಬ್ಬ ಹುಡುಗ ಜಾರಿ ಮೊಣಕೈ ತರಚಿಕೊಂಡ. ಮಳೆಗಾಲದ ಪಾಚಿ ಒಣಗಿದ ಮೇಲೆ ಕರಿ ಕಲೆಯಂತೆ ಕಾಣುತ್ತದೆ, ಇಬ್ಬನಿ ಬಿದ್ದ ತಕ್ಷಣ ಮತ್ತೆ ಸೋಪಿನ ಹಾಗೆ. ಹಿಂದಿನ ಸಂಜೆ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಎರಚಿ, ಬೆಳಿಗ್ಗೆ ಗಟ್ಟಿ ಪೊರಕೆಯಲ್ಲಿ ಉಜ್ಜಿ ತೊಳೆದರೆ ಹೋಗುತ್ತದೆ. ನಮಗೆ ಅಷ್ಟು ಹೊತ್ತಿರಲಿಲ್ಲ. ಕೋಚ್ ಆ ಮೂಲೆಗೆ ಚೀಲಗಳನ್ನು ಅಡ್ಡ ಇಟ್ಟು, ಉಳಿದ ಅರ್ಧದಲ್ಲಿ ಪಾಠ ಶುರು ಮಾಡಿದರು.

ಅವತ್ತಿನದು ಐ-ಫಾರ್ಮೇಷನ್. ಸರ್ವ್ ಮಾಡುವವನು ಬೇಸ್‌ಲೈನಿನ ನಡುಗುರುತಿನ ಪಕ್ಕ. ಜೊತೆಗಾರ ನೆಟ್ಟಿನ ಮುಂದೆ, ನಡುಗೆರೆಯ ಮೇಲೆ, ತಲೆ ನೆಟ್ಟಿಗಿಂತ ಕೆಳಗೆ ಬರುವಂತೆ ಕುಕ್ಕರಗಾಲಿನಲ್ಲಿ. ಬೆನ್ನ ಹಿಂದೆ ಕೈಸನ್ನೆ: ಮೊದಲು ಬೆರಳು ತೋರಿಸಿ ಸರ್ವ್ ಎಲ್ಲಿಗೆ ಎಂದು, ಆಮೇಲೆ ತಾನು ಎಡಕ್ಕೋ ಬಲಕ್ಕೋ ಎಂದು. ಸರ್ವ್ ಹೆಚ್ಚಾಗಿ ನಡುಗೆರೆಯ ಮೂಲೆಗೆ. ಅಂಚಿಗೆ ಸರ್ವ್ ಮಾಡಿದರೆ ಎದುರಾಳಿಗೆ ಕೋನ ಸಿಗುತ್ತದೆ, ನಡುವಿಗೆ ಮಾಡಿದರೆ ಅವನ ಉತ್ತರವೂ ನಡುವಿಗೇ ಬರಬೇಕು.

ಮಕ್ಕಳು ಸನ್ನೆ ಕಲಿತದ್ದು ಹತ್ತು ನಿಮಿಷದಲ್ಲಿ. ಕೆಟ್ಟದ್ದು ಓಟದಲ್ಲಿ. ಕುಕ್ಕರಗಾಲಿನಿಂದ ಎದ್ದವಳು ಸರ್ವ್ ಬೀಳುವ ಮೊದಲೇ ಎಡಕ್ಕೆ ಹಾರುತ್ತಿದ್ದಳು. ಎದುರಿನವನು ನಗುತ್ತಾ ಖಾಲಿ ಬಿಟ್ಟ ಜಾಗಕ್ಕೆ ಹೊಡೆಯುತ್ತಿದ್ದ. ಕೋಚ್ ಅವಳ ಪಕ್ಕದಲ್ಲೇ ಕೂತರು.

“ಚೆಂಡು ನೋಡಬೇಡ ಮಾರಾಯ್ತಿ, ಅವನ ರಾಕೆಟ್ ನೋಡು. ಹಿಂದಕ್ಕೆ ಹೋದದ್ದು ಮುಂದಕ್ಕೆ ಬರಲು ಶುರುವಾಯ್ತಾ? ಆಗ ಏಳು. ಇನ್ನು ಅವನು ಮನಸ್ಸು ಬದಲಿಸೋಕಾಗಲ್ಲ.”

ಎರಡನೆಯ ತಪ್ಪು ದಿಕ್ಕಿನದು. ಎಲ್ಲರೂ ನೆಟ್ಟಿಗೆ ಸಮಾನಾಂತರವಾಗಿ ಏಡಿಯ ಹಾಗೆ ಓಡುತ್ತಾರೆ. ಹಾಗೆ ಹೋದರೆ ಚೆಂಡು ಇಳಿದ ಮೇಲೆ ಸಿಗುತ್ತದೆ, ನೆಟ್ಟಿಗಿಂತ ಕೆಳಗಿನಿಂದ ಎತ್ತಬೇಕಾಗುತ್ತದೆ. ಓರೆಯಾಗಿ, ನೆಟ್ಟಿನ ಕಡೆಗೆ ಮುಂದೆ ಹೋಗಬೇಕು. ಕೋಚ್ ಸುಣ್ಣದಲ್ಲಿ ಮೂರು ಹೆಜ್ಜೆ ಬರೆದರು. ಮೂರನೆಯದು ನೆಟ್ಟಿನಿಂದ ಕೈಯಳತೆಯಲ್ಲಿ. ಹಿಡಿತ ಕೊಡಲಿ ಹಿಡಿದ ಹಾಗೆ, ಬೀಸು ಇಲ್ಲ, ತೋಳು ಒಂದಡಿಗಿಂತ ಹೆಚ್ಚು ಹಿಂದೆ ಹೋಗಬಾರದು. ಹನ್ನೊಂದು ಗಂಟೆಯ ಹೊತ್ತಿಗೆ ಅದೇ ಹುಡುಗಿ ಎದ್ದ ರೀತಿ ನೋಡಿ ಎದುರಿನವನ ನಗು ನಿಂತಿತ್ತು.

ಪ್ರತಿ ಪಾಠದ ಕೊನೆಗೂ ಒಂದು ಪಾಯಿಂಟ್ 40-40ರದ್ದು. ಪುರುಷರ ವೃತ್ತಿಪರ ಟೂರ್ ಆದ ಎಟಿಪಿಯ ಡಬಲ್ಸಿನಲ್ಲಿ 2006ರಿಂದ ಡ್ಯೂಸ್ ಎಳೆಯುವುದಿಲ್ಲ. 40-40 ಆದರೆ ಒಂದೇ ಪಾಯಿಂಟಿಗೆ ಗೇಮ್ ಮುಗಿಯಿತು, ಯಾವ ಬದಿಯಲ್ಲಿ ರಿಟರ್ನ್ ಎಂದು ಎದುರು ಜೋಡಿ ಆರಿಸಿಕೊಳ್ಳುತ್ತದೆ. ಮೂರನೇ ಸೆಟ್ಟಿನ ಬದಲು ಹತ್ತು ಅಂಕದ ಟೈಬ್ರೇಕ್. ಇದರಿಂದ ಪಂದ್ಯ ಚಿಕ್ಕದಾಯಿತು, ಅದೃಷ್ಟದ ಪಾಲು ದೊಡ್ಡದಾಯಿತು. ಈ ಬದಲಾವಣೆಯ ಬಗ್ಗೆ ಕೋಚ್‌ಗೆ ಒಳ್ಳೆಯ ಮಾತಿಲ್ಲ. ಆದರೆ ಮಕ್ಕಳು ಆಡಬೇಕಾದದ್ದು ಅದನ್ನೇ ತಾನೆ.

ಸಂಜೆ ಆಗುಂಬೆ. ಸೂರ್ಯಾಸ್ತಕ್ಕೆಂದು ಹೋದವರಿಗೆ ಘಾಟಿಯಿಂದ ಎದ್ದ ಬಿಳಿ ಮಂಜು ಮಾತ್ರ ಸಿಕ್ಕಿತು. ಅಂಗಡಿಯವರು ಕಷಾಯ ಕೊಡುತ್ತಾ, “ನಿನ್ನೆ ಬರಬೇಕಿತ್ತು ನೀವು” ಎಂದರು. ಆಗುಂಬೆಯಲ್ಲಿ ಇದು ದಿನಾ ಹೇಳುವ ಮಾತಿರಬೇಕು.

ಆ ತೇವದಲ್ಲಿ ಇನ್ನೊಂದು ಎಡವಟ್ಟಾಯಿತು. ಒಬ್ಬಳ ರಾಕೆಟ್ಟಿಗೆ ಅಪ್ಪ ಪ್ರೀತಿಯಿಂದ ನ್ಯಾಚುರಲ್ ಗಟ್ ಹಾಕಿಸಿದ್ದರು. ರಾತ್ರಿ ಬ್ಯಾಗ್ ವ್ಯಾನಿನ ಮೇಲೇ ಉಳಿದು, ಬೆಳಿಗ್ಗೆ ತಂತಿ ಉಬ್ಬಿ ನಾರು ನಾರು. ಗಟ್ ಅಂದರೆ ಹಸುವಿನ ಕರುಳಿನ ನಾರು, ನೀರು ಹೀರುತ್ತದೆ. ಮಲೆನಾಡಿಗೆ ಪಾಲಿಯೆಸ್ಟರ್ ಅಥವಾ ಸಿಂಥೆಟಿಕ್ ಸಾಕು. ಚೆಂಡೂ ಅಷ್ಟೇ. ಹೊಸತು 56ರಿಂದ 59.4 ಗ್ರಾಂ. ಒದ್ದೆ ಕೋರ್ಟಿನಲ್ಲಿ ಉಣ್ಣೆ ನೀರು ಕುಡಿದು ಭಾರವಾಗುತ್ತದೆ, ಭುಜಕ್ಕೆ ಪೆಟ್ಟು. ಹಾಗಾಗಿ ತೇವದ ದಿನ ಕೋಚ್ ತಂತಿಯ ಬಿಗಿತ ಎರಡು ಪೌಂಡ್ ಇಳಿಸುತ್ತಾರೆ. ಭಾರದ ಚೆಂಡನ್ನು ತೋಳಿನ ಬದಲು ತಂತಿಯೇ ತಳ್ಳಲಿ ಎಂದು.

ಮೂರನೇ ದಿನ: ನಗರದ ದಾರಿ

ಟೆನಿಸ್ ಇಲ್ಲದ ದಿನ ಎಂದುಕೊಂಡಿದ್ದೆವು. ತೀರ್ಥಹಳ್ಳಿಯಿಂದ ನಗರಕ್ಕೆ, ಅಲ್ಲಿಂದ ಹೊಸನಗರ, ಸಾಗರ. ದಾರಿ ಕಿರಿದು, ತಿರುವು ಹೆಚ್ಚು. ಹಿಂದಿನ ಸೀಟಿನವರು ಬೆಳಗಿನ ತಿಂಡಿ ಕಡಿಮೆ ಮಾಡಿದರೆ ಕ್ಷೇಮ. ನಗರ ಎಂದರೆ ಹಳೆಯ ಬಿದನೂರು, ಕೆಳದಿ ಅರಸರ ರಾಜಧಾನಿ, 1763ರಲ್ಲಿ ಹೈದರಾಲಿಯ ಕೈಗೆ ಹೋದದ್ದು. ಕೋಟೆಯ ಮೇಲೆ ಗಾಳಿ ಚೆನ್ನಾಗಿತ್ತು.

ಅದನ್ನು ದಾಟಿ ಸ್ವಲ್ಪ ದೂರಕ್ಕೆ ಪಂಕ್ಚರ್. ಸ್ಟೆಪ್ನಿಯಲ್ಲಿ ಗಾಳಿ ಕಡಿಮೆ. ಚಾಲಕ ಬೈಕು ಹಿಡಿದು ಗಾಳಿ ಹಾಕಿಸಲು ಹೋದರು. ಪಕ್ಕದ ತೋಟದಲ್ಲಿ ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಲು ನಡೆದಿತ್ತು. ಮಕ್ಕಳು ಬೇಲಿಗೆ ಒರಗಿ ನಿಂತರು, ಕೋಚ್ ಒಳಗೇ ಹೋದರು.

ಮರದ ತುದಿಯಲ್ಲಿ ಕೊನೆಗೌಡ. ಅಡಿಕೆ ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಸುತ್ತಾನೆ. ಕೆಳಗೆ ಒಬ್ಬರು ಹಗ್ಗದ ಇನ್ನೊಂದು ತುದಿ ಓರೆಯಾಗಿ ಎಳೆದು ಹಿಡಿದು, ಬಂದ ಕೊನೆಯನ್ನು ನೆಲಕ್ಕೆ ಬಡಿಯದ ಹಾಗೆ ಹಿಡಿಯುತ್ತಾರೆ. ಬಿದ್ದರೆ ಕಾಯಿ ಉದುರಿ ಆರಿಸುವ ಕೆಲಸ ಹೆಚ್ಚು. ಕೊಯ್ದಾದ ಮೇಲೆ ಮೇಲಿನವನು ಇಳಿಯುವುದಿಲ್ಲ, ಮರವನ್ನೇ ತೂಗಿ ಪಕ್ಕದ ಮರ ಹಿಡಿಯುತ್ತಾನೆ. ಕೆಳಗಿನವರು ಆಗಲೇ ಎರಡು ಹೆಜ್ಜೆ ಸರಿದಿರುತ್ತಾರೆ. ಅರ್ಧ ಗಂಟೆಯಲ್ಲಿ ಇಬ್ಬರೂ ಒಂದು ಮಾತಾಡಲಿಲ್ಲ.

ಕೋಚ್ ಕೇಳಿಯೇಬಿಟ್ಟರು, “ಮೇಲಿನವರು ಬಿಡ್ತೀನಿ ಅಂತ ಕೂಗೋದಿಲ್ವಾ?”

“ಎಂತಕ್ಕೆ ಕೂಗೋದು ಮಾರಾಯ್ರೆ? ಹಗ್ಗ ಬಿಗಿಯಾದ್ರೆ ಗೊತ್ತಾಗ್ತದೆ.”

ಅಷ್ಟು ಹೇಳಿ ಅವರು ಇನ್ನೊಂದು ಮರದ ಕೆಳಗೆ ಹೋದರು. ಮುಂದಿನ ದಾರಿಯಲ್ಲಿ ಕೋಚ್ ಮಾತು ಕಡಿಮೆ. ಹೊಸನಗರದಲ್ಲಿ ಊಟಕ್ಕೆ ಕೂತಾಗ ಮಾತ್ರ, ಅಪ್ಪೆಹುಳಿ ಎರಡನೇ ಸಲ ಹಾಕಿಸಿಕೊಳ್ಳುತ್ತಾ, ಪೇಸ್-ಭೂಪತಿ ಜೋಡಿಯ ವಿಷಯ ತೆಗೆದರು. 1999ರಲ್ಲಿ ಆ ಜೋಡಿ ನಾಲ್ಕೂ ಗ್ರ್ಯಾಂಡ್ ಸ್ಲಾಂ ಫೈನಲ್ ಆಡಿತು, ಪ್ಯಾರಿಸ್ ಮತ್ತು ವಿಂಬಲ್ಡನ್ ಗೆದ್ದಿತು. ಪೇಸ್ ಅವರದು ನೆಟ್ಟಿನ ಮುಂದಿನ ಚುರುಕು, ಭೂಪತಿಯವರದು ದೊಡ್ಡ ಸರ್ವ್ ಮತ್ತು ಬ್ಯಾಕ್‌ಹ್ಯಾಂಡ್ ರಿಟರ್ನ್. ಇಬ್ಬರೂ ಒಂದೇ ಥರ ಆಡಿದ್ದರೆ ಅಷ್ಟು ಗೆಲ್ಲುತ್ತಿರಲಿಲ್ಲ ಎಂಬುದು ಕೋಚ್ ಲೆಕ್ಕ. ನಮ್ಮಲ್ಲಿ ಮಾತ್ರ ಜೋಡಿ ಮಾಡುವಾಗ ಇಬ್ಬರು ಜೋರು ಹೊಡೆಯುವವರನ್ನು ಒಟ್ಟಿಗೆ ನಿಲ್ಲಿಸುತ್ತಾರೆ.

ನಾಲ್ಕನೇ ದಿನ: ಸಾಗರದ ಹತ್ತಿರದ ಒಂದು ಅಂಗಳ

ಉಳಿದದ್ದು ಪರಿಚಯದವರ ಅಡಿಕೆ ಮನೆಯಲ್ಲಿ. ರಾತ್ರಿ ಒಂದೆಲಗದ ತಂಬುಳಿ, ಕಳಲೆ ಪಲ್ಯ, ಕೊನೆಗೆ ತೊಡೆದೇವು. ಬೆಳಿಗ್ಗೆ ಮನೆಯ ಅಜ್ಜಿ ಕಂಡೀಷನ್ ಹಾಕಿದರು: “ಒಂಬತ್ತೂವರೆಗೆ ಅಂಗಳದಲ್ಲಿ ಅಡಿಕೆ ಹರಡೋದು. ಅಷ್ಟರೊಳಗೆ ಎಂತ ಬೇಕಾದ್ರೂ ಆಡ್ಕೊಳ್ಳಿ.”

ಸಗಣಿ ಸಾರಿಸಿದ ಅಂಗಳ, ಗಟ್ಟಿ, ಸಮ. ಕೋಚ್ ಹೆಜ್ಜೆಯಲ್ಲಿ ಅಳೆದು 36 ಅಡಿ ಉದ್ದ, 18 ಅಡಿ ಅಗಲಕ್ಕೆ ಗೆರೆ ಹಾಕಿದರು. ಚಿಕ್ಕ ಮಕ್ಕಳ ಕೆಂಪು ಚೆಂಡಿನ ಕೋರ್ಟಿನ ಅಳತೆ ಅದು. ಡಬಲ್ಸ್ ಕೋರ್ಟಿನ ಅಗಲವೂ 36 ಅಡಿಯೇ ಆದ್ದರಿಂದ ದೊಡ್ಡ ಕೋರ್ಟಿನಲ್ಲಿ ಇದನ್ನು ಅಡ್ಡಡ್ಡ ಹಾಕಬಹುದು. ಕೆಂಪು ಚೆಂಡು ಮಾಮೂಲಿಗಿಂತ ಶೇ. 75 ನಿಧಾನ, ಕಿತ್ತಳೆ ಶೇ. 50, ಹಸಿರು ಶೇ. 25. ಎರಡು ಅಡಿಕೆ ದಬ್ಬೆ ನೆಟ್ಟು, ತೆಂಗಿನ ಹಗ್ಗ ಕಟ್ಟಿ, ಗೋಣಿ ಚೀಲ ನೇತುಹಾಕಿದರೆ ನೆಟ್. ಎತ್ತರ 80 ಸೆಂಟಿಮೀಟರ್. ದೊಡ್ಡ ಮಕ್ಕಳಿಗೆ ಅವಮಾನ, ಕೆಂಪು ಚೆಂಡಾ ಎಂದು. ಆದರೆ ಆ ನಿಧಾನದ ಚೆಂಡಿನಲ್ಲಿ ಜೋರಿನ ಆಟ ನಡೆಯುವುದಿಲ್ಲ, ನಿಲ್ಲುವ ಜಾಗವೊಂದೇ ಉಳಿಯುತ್ತದೆ.

ಆಟ ಬಿಟ್ಟು ಕಲಿಸಲು ಬಂದ ಮೊದಲ ವರ್ಷ ಕೋಚ್ ಎಡವಿದ್ದೂ ಇಲ್ಲೇ ಅಂತೆ. ವಾಲಿ, ಅಂದರೆ ನೆಲಕ್ಕೆ ಬೀಳುವ ಮೊದಲೇ ಚೆಂಡು ಹೊಡೆಯುವುದು, ತೋರಿಸುವಾಗ ಕೈ ತೋರಿಸುತ್ತಿದ್ದರು. ಮಕ್ಕಳು ಅದೇ ಕೈ ಮಾಡಿದರೂ ಚೆಂಡು ನೆಟ್ಟಿಗೆ. ಎದುರಾಳಿ ಹೊಡೆಯುವ ಕ್ಷಣಕ್ಕೆ ಎರಡೂ ಕಾಲು ನೆಲ ಮುಟ್ಟುವಂತೆ ಹಾಕುವ ಸಣ್ಣ ಜಿಗಿತವನ್ನು ಅವರು ಹೇಳಿಯೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಅದು ಮೈಗೆ ಅಂಟಿ, ತಾನು ಅದನ್ನು ಮಾಡುತ್ತೇನೆ ಎಂಬುದೇ ಮರೆತಿತ್ತು. ಆಡಿದವರೆಲ್ಲ ಕೋಚ್ ಆಗಲಾರರು ಎನ್ನುವುದಕ್ಕೆ ಕಾರಣ ಬಹುಪಾಲು ಇದೇ.

ಮೊದಲ ಆಟ ಹಾಳೆಯದು. ಅಡಿಕೆ ಹಾಳೆಯನ್ನು ವಾಲಿ ಮಾಡುವವನ ಕಾಲ ಬಳಿ ಇಟ್ಟರು. ರಿಟರ್ನ್ ಅಲ್ಲಿಗೇ ಬೀಳಬೇಕು. ಬಿದ್ದರೆ ಟಪ್ ಎಂದು ಸದ್ದು, ಬೇರೆ ಯಾರೂ ಹೇಳಬೇಕಿಲ್ಲ. ಕಾಲಬುಡಕ್ಕೆ ಬಂದ ಚೆಂಡನ್ನು ಎತ್ತಲೇಬೇಕು, ಎತ್ತಿದ್ದನ್ನು ನಿಮ್ಮ ಜೊತೆಗಾರ ಮುಗಿಸುತ್ತಾನೆ. ಈಗ ದೊಡ್ಡ ಆಟದಲ್ಲೂ ಸರ್ವ್ ಮಾಡಿ ಹಿಂದೆಯೇ ನಿಲ್ಲುವವರು ಬಹಳ. ಅಂಥವರಿಗೆ ಹಾಳೆಯನ್ನು ಬೇಸ್‌ಲೈನಿನ ಹತ್ತಿರ, ಎದುರು ಮೂಲೆಗೆ ಸರಿಸಬೇಕು.

ಆಮೇಲೆ ಕೋಚ್ ಅಜ್ಜಿಯ ಹತ್ತಿರ ಹಗ್ಗ ಕೇಳಿದರು. ಜೋಡಿಯ ಇಬ್ಬರ ನಡುವೆ ಆರು ಅಡಿ, ತುದಿಗಳು ಸೊಂಟಕ್ಕೆ. ಗಂಟು ಹಾಕಬಾರದು, ಪ್ಯಾಂಟಿಗೆ ಸಿಕ್ಕಿಸಬೇಕು, ಜೋರು ಎಳೆದರೆ ಕಳಚಿಕೊಳ್ಳುವಂತೆ. ಪೂರ್ತಿ ಕೋರ್ಟಿನಲ್ಲಾದರೆ ಹತ್ತು-ಹನ್ನೆರಡು ಅಡಿ. ಚೆಂಡು ಬಲ ಮೂಲೆಗೆ ಹೋದರೆ ಬಲಗಡೆಯವನು ಸರಿಯುತ್ತಾನೆ, ಹಗ್ಗ ಬಿಗಿಯಾಗುವ ಮೊದಲು ಎಡಗಡೆಯವನೂ ಸರಿದಿರಬೇಕು. ಮಾತಿಲ್ಲ, ಸನ್ನೆಯಿಲ್ಲ. ಮೊದಲ ಹತ್ತು ಚೆಂಡಿಗೆ ಎಂಟು ಸಲ ಹಗ್ಗ ಕಳಚಿತು. ತೀರ್ಥಹಳ್ಳಿಯಲ್ಲಿ ಬೇಗ ಎದ್ದು ಓಡುತ್ತಿದ್ದ ಹುಡುಗಿ, ಪಕ್ಕದವನು ಜರುಗುತ್ತಿದ್ದಂತೆ ತಾನೂ ಜರುಗಿ, ನಡುವಿಗೆ ಬಂದ ಚೆಂಡನ್ನು ಹಾಳೆಯ ಮೇಲೆ ಇಟ್ಟಳು. ಟಪ್. ಅಜ್ಜಿ ಜಗಲಿಯಿಂದ, “ಹಾಂ, ಈಗ ಸರಿ” ಎಂದರು. ಅವರಿಗೆ ಟೆನಿಸ್ ಗೊತ್ತಿಲ್ಲ, ಹಗ್ಗ ಗೊತ್ತು.

ಒಂಬತ್ತೂ ಕಾಲಿಗೆ ಒಬ್ಬ ಹುಡುಗ ಎತ್ತರಕ್ಕೆ ಎತ್ತಿ ಹೊಡೆದ ಲಾಬ್ ಅಂಗಳ ದಾಟಿ, ಅಡಿಕೆ ಬೇಯಿಸುವ ಹಂಡೆಯ ಪಕ್ಕದ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸದ, ಬಾನಿಯಲ್ಲಿ ಬಿತ್ತು. ಅದು ಮಾಮೂಲಿ ಹಳದಿ ಚೆಂಡು, ತರಬಾರದೆಂದರೂ ತಂದದ್ದು. ಕೋಲಿನಲ್ಲಿ ತೆಗೆಯುವಷ್ಟರಲ್ಲಿ ಕಡುಗೆಂಪು. ಚೊಗರಿನ ಕಲೆ ಬಟ್ಟೆಗೆ ಹತ್ತಿದರೂ ಹೋಗದು, ಉಣ್ಣೆಗೆ ಕೇಳಬೇಕೆ. ಆ ಹೊತ್ತಿಗೆ ಮನೆಯವರು ಬುಟ್ಟಿ ಹೊತ್ತು ತಂದರು. ಬೇಸ್‌ಲೈನಿನಿಂದ ಶುರುಮಾಡಿ ಅಡಿಕೆ ಹರಡುತ್ತಾ ಬಂದರು, ನಾವು ದಬ್ಬೆ ಕಿತ್ತು ಬದಿಗಿಟ್ಟೆವು.

ಮಧ್ಯಾಹ್ನ ಜೋಗ. ನೀರು ಸಣ್ಣಗಾಗಿತ್ತು, ನಾಲ್ಕು ಎಳೆ ಬೇರೆ ಬೇರೆಯಾಗಿ ಕಾಣುವುದು ಇಂಥ ಹೊತ್ತಿನಲ್ಲೇ. ರಾತ್ರಿ ಸಾಗರದ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಆ ಹುಡುಗ ಒಣಗಿದ ಚೊಗರಿನ ಚೆಂಡು ತೆಗೆದು, ಇದೂ ಕೆಂಪು ಚೆಂಡೇ ಅಲ್ವಾ ಸರ್, ಶೇ. 75 ನಿಧಾನ ಅಂದ. ನೂರು ಇಂಚಿನಿಂದ ಬಿಟ್ಟರೆ ಒಳ್ಳೆಯ ಚೆಂಡು 53ರಿಂದ 58 ಇಂಚು ಪುಟಿಯಬೇಕು. ಕೋಚ್ ಕೈ ಮೇಲೆತ್ತಿ ಪ್ಲಾಟ್‌ಫಾರ್ಮಿನ ಮೇಲೆ ಬಿಟ್ಟು ನೋಡಿದರು. ಮೊಣಕಾಲಿನವರೆಗೂ ಬರಲಿಲ್ಲ. ಚೆಂಡು ಉರುಳುತ್ತಾ ಹಳಿಯ ಕಡೆ ಹೋಯಿತು, ಇಬ್ಬರು ಮಕ್ಕಳು ಒಟ್ಟಿಗೆ ಎದ್ದವರು ಒಬ್ಬರನ್ನೊಬ್ಬರು ನೋಡಿ, ಒಬ್ಬ ಅಂಚಿನಲ್ಲಿ ಕಾಲು ಅಡ್ಡ ಇಟ್ಟ, ಇನ್ನೊಬ್ಬಳು ಬಗ್ಗಿ ಹಿಡಿದಳು.